ಹಿಟ್ಟಿನ ಕೋಳಿಯೂ ವಿಡಿಯೊ ಆಟವೂ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ ಜೈನ ಮನೆಗಳು ಇಂದಿಗೂ ಉಳಿದಿವೆ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಕಾಳನ್ನು ಬೆಳಕಿನಲ್ಲಿ ಹರಡಿ ಹುಳು ನೋಡುವುದು, ನೆಲದ ಮೇಲೆ ಇರುವೆ ಸಾಲು ಕಂಡರೆ ಕಾಲು ತಡೆದು ನಿಲ್ಲುವುದು, ಇವೆಲ್ಲ ಅಂಥ ಮನೆಯ ಹಿರಿಯ ಶ್ರಾವಿಕೆಗೆ ಉಸಿರಾಟದಷ್ಟೇ ಸಹಜ. ಆಕೆ ಸಂಜೆಯ ಸಾಮಾಯಿಕಕ್ಕೆ ಕುಳಿತಿರುವಾಗ ಪಕ್ಕದ ಕೋಣೆಯಿಂದ ಗುಂಡಿನ ಸದ್ದು ಕೇಳಿಬರುತ್ತದೆ. ಮೊಮ್ಮಗ ಮೊಬೈಲಿನ ಪರದೆಯ ಮೇಲೆ ಅರ್ಧ ಗಂಟೆಯೊಳಗೆ ಹಲವಾರು ಮಂದಿಯನ್ನು ಕೊಂದಿದ್ದಾನೆ. ಕೇಳಿದರೆ ಅವನ ಉತ್ತರ ಸಿದ್ಧವಾಗಿದೆ: "ಖರೇ ಅಲ್ಲಜ್ಜಿ, ಬರೇ ಆಟ ಅದು."

ಇದು ಯಾವುದೋ ಒಂದು ಮನೆಯ ಮಾತಲ್ಲ. ಕೇಶ್ವಾಪುರದಲ್ಲಾಗಲಿ, ಧಾರವಾಡ, ಬೆಳಗಾವಿಗಳಲ್ಲಾಗಲಿ ಮಕ್ಕಳಿರುವ ಹಲವು ಮನೆಗಳಲ್ಲಿ ಈ ಸಂಭಾಷಣೆ ಒಂದಲ್ಲ ಒಂದು ರೂಪದಲ್ಲಿ ನಡೆಯುತ್ತಿದೆ. ತಂದೆ ಅದನ್ನು ಕಾಲಹರಣವೆಂದು ಗದರುತ್ತಾನೆ. ಕಾಲೇಜಿನಲ್ಲಿ ಓದುವ ಅಕ್ಕ ತಮ್ಮನ ಪರ ವಹಿಸಿ, ಆ ಆಟಗಳಲ್ಲಿ ಚಿತ್ರವಿದೆ, ಸಂಗೀತವಿದೆ, ಕಥೆಯಿದೆ, ಅದೂ ಒಂದು ಕಲೆಯೇ ಎನ್ನುತ್ತಾಳೆ. ಹೀಗೆ ಮನೆಯ ಜಗಳದೊಳಗಿನಿಂದಲೇ ಒಂದು ತಾತ್ತ್ವಿಕ ಪ್ರಶ್ನೆ ಮೂಡುತ್ತದೆ. ವಿಡಿಯೊ ಆಟವನ್ನು ಕಲೆ ಎನ್ನಬಹುದೇ? ಎನ್ನಬಹುದಾದರೆ, ಕಲೆಯೆಂಬ ಹೆಸರು ಅದರೊಳಗಿನ ಹಿಂಸೆಯನ್ನು ತೊಳೆದುಹಾಕುವುದೇ?

ಪಾಶ್ಚಾತ್ಯ ದೇಶಗಳಲ್ಲಿ ಈ ಚರ್ಚೆಯ ಮೊದಲ ಭಾಗ ಸಾಕಷ್ಟು ನಡೆದಿದೆ. ಅಮೆರಿಕದ ಪ್ರಸಿದ್ಧ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ ವಿಡಿಯೊ ಆಟಗಳು ಎಂದಿಗೂ ಕಲೆಯಾಗಲಾರವೆಂದು ಬರೆದನು. ಆಟಕ್ಕೆ ನಿಯಮಗಳಿವೆ, ಅಂಕಗಳಿವೆ, ಗುರಿಯಿದೆ, ಆಟವನ್ನು ಗೆಲ್ಲಬಹುದು, ಕಾವ್ಯವನ್ನೋ ಚಿತ್ರವನ್ನೋ ಯಾರೂ ಗೆಲ್ಲುವುದಿಲ್ಲ, ಅನುಭವಿಸುತ್ತಾರೆ ಎಂಬುದು ಅವನ ವಾದದ ಸಾರ. ಕೆಲವೇ ತಿಂಗಳಲ್ಲಿ, ಆಟಗಳ ಅನುಭವವಿಲ್ಲದೆ ತಾನು ಹಾಗೆ ಹೇಳಬಾರದಿತ್ತೆಂದೂ ಅವನು ಒಪ್ಪಿಕೊಂಡನು. 2011ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಪುಸ್ತಕ, ನಾಟಕ, ಚಲನಚಿತ್ರಗಳಿಗಿರುವ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ವಿಡಿಯೊ ಆಟಗಳಿಗೂ ಇದೆಯೆಂದು ತೀರ್ಪಿತ್ತಿತು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಪ್ಯಾಕ್‌ಮನ್, ಟೆಟ್ರಿಸ್ ಮೊದಲಾದ 14 ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅಲ್ಲಿನ ಮಟ್ಟಿಗೆ ಪ್ರಶ್ನೆ ಬಹುಪಾಲು ಇತ್ಯರ್ಥವಾದಂತೆಯೇ.

ಜೈನ ಪರಂಪರೆಗೆ ಈ ಪ್ರಶ್ನೆ ಅಷ್ಟೇನೂ ಹೊಸದಲ್ಲ. ಭಗವಾನ್ ಆದಿನಾಥರು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದ ಕಥೆಯನ್ನು ಪಾಠಶಾಲೆಯ ಮಕ್ಕಳೆಲ್ಲ ಬಲ್ಲರು. ಪುರುಷರು ಕಲಿಯಬೇಕಾದ 72 ಕಲೆಗಳ ಪಟ್ಟಿಯನ್ನು ಶ್ವೇತಾಂಬರ ಆಗಮಗಳು ಕೊಡುತ್ತವೆ. ಲೇಖನ, ಗಣಿತಗಳಿಂದ ಆರಂಭವಾಗಿ ನಾಟ್ಯ, ಗೀತ, ವಾದ್ಯಗಳನ್ನು ಒಳಗೊಳ್ಳುವ ಆ ಪಟ್ಟಿಯಲ್ಲಿ ದಾಳದ ಆಟಕ್ಕೂ, ಎಂಟೆಂಟು ಮನೆಗಳ ಹಾಸಿನ ಮೇಲೆ ಆಡುವ ಅಷ್ಟಾಪದಕ್ಕೂ ಸ್ಥಾನವಿದೆ. ಅತ್ತ ಅದೇ ದ್ಯೂತವು ಸಪ್ತವ್ಯಸನಗಳಲ್ಲಿ ಮೊದಲನೆಯದೆಂದು ಶ್ರಾವಕಾಚಾರ ಗ್ರಂಥಗಳು ಎಚ್ಚರಿಸುತ್ತವೆ. ಒಂದೇ ವಸ್ತು ಕಲೆಗಳ ಸಾಲಿನಲ್ಲೂ ಇದೆ, ವ್ಯಸನಗಳ ಸಾಲಿನಲ್ಲೂ ಇದೆ. ಇದನ್ನು ವಿರೋಧಾಭಾಸವೆಂದು ಭಾವಿಸಬೇಕಾಗಿಲ್ಲ. ಕಲೆ ಎಂಬುದು ಕೌಶಲದ ಹೆಸರು, ವ್ಯಸನವೆಂಬುದು ಆತ್ಮದ ಸ್ಥಿತಿಯ ಹೆಸರು. ಒಂದು ವಸ್ತು ಕಲೆಯೆಂದು ಸಿದ್ಧವಾದ ಮಾತ್ರಕ್ಕೆ ಆಡುವವನ ಆತ್ಮದ ವಿಚಾರ ಮುಗಿಯುವುದಿಲ್ಲ.

ಆಟವೊಂದು ಕಲೆಯಾಗಿ, ಧರ್ಮಬೋಧೆಯೂ ಆಗಬಲ್ಲುದೆಂಬುದಕ್ಕೆ ಜೈನರಲ್ಲಿಯೇ ಸಾಕ್ಷ್ಯವಿದೆ. ಇಂದು ಮಕ್ಕಳು ಹಾವು-ಏಣಿ ಎಂದು ಆಡುವ ಆಟದ ಪೂರ್ವರೂಪಗಳಲ್ಲಿ ಜ್ಞಾನಚೌಪಡವೂ ಒಂದು. ಹುಬ್ಬಳ್ಳಿಯ ಅನೇಕ ಜೈನ ವ್ಯಾಪಾರಿ ಮನೆತನಗಳ ಮೂಲಸ್ಥಾನವಾದ ರಾಜಸ್ಥಾನ, ಗುಜರಾತುಗಳಲ್ಲಿ ಬಟ್ಟೆಯ ಮೇಲೂ ಕಾಗದದ ಮೇಲೂ ವರ್ಣಗಳಲ್ಲಿ ಬರೆದ ಇಂಥ ಪಟಗಳು ಬಳಕೆಯಲ್ಲಿದ್ದವು. ಜೈನ ಪಟಗಳಲ್ಲಿ ಸಾಮಾನ್ಯವಾಗಿ 84 ಮನೆಗಳು. ಒಂದೊಂದು ಮನೆಗೂ ಒಂದು ಗುಣದ, ದೋಷದ, ಗತಿಯ ಅಥವಾ ಲೋಕದ ಹೆಸರು. ಸದ್ಗುಣದ ಮನೆಯಿಂದ ಏಣಿ ಮೇಲಕ್ಕೆ ಒಯ್ಯುತ್ತದೆ, ದುರ್ಗುಣದ ಮನೆಯಲ್ಲಿ ಹಾವು ನುಂಗಿ ಕೆಳಕ್ಕೆ ಇಳಿಸುತ್ತದೆ. ಎಲ್ಲಕ್ಕೂ ಮೇಲೆ ಸಿದ್ಧಶಿಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಆಟ ಇಂಗ್ಲೆಂಡಿಗೆ ಹೋಗಿ, ಕಾಲಕ್ರಮದಲ್ಲಿ ತನ್ನ ತತ್ತ್ವಾರ್ಥವನ್ನು ಕಳೆದುಕೊಂಡು ಬರೀ ಹಾವು ಏಣಿಗಳ ಆಟವಾಗಿ ಉಳಿಯಿತು. ಮೂಲ ಪಟವನ್ನು ನೋಡಿದವರು ಅದು ಚಿತ್ರಕಲೆಯೂ ಹೌದು, ಕರ್ಮಸಿದ್ಧಾಂತದ ಪಾಠವೂ ಹೌದು, ಆಟವೂ ಹೌದು ಎಂಬುದನ್ನು ಅಲ್ಲಗಳೆಯಲಾರರು. ಆದುದರಿಂದ ಆಟ ಕಲೆಯಾಗಬಲ್ಲುದೇ ಎಂಬ ಪ್ರಶ್ನೆಗೆ ಜೈನ ಸಮಾಜ ಹೌದೆಂದು ಉತ್ತರಿಸಲು ಹಿಂಜರಿಯಬೇಕಾಗಿಲ್ಲ.

ಗೆಲ್ಲಬಹುದಾದದ್ದು ಕಲೆಯಾಗದು ಎಂಬ ಆಕ್ಷೇಪಕ್ಕೂ ಕನ್ನಡದ ಜೈನ ಕಾವ್ಯದಲ್ಲಿ ಸಮಾಧಾನವುಂಟು. 941ರಲ್ಲಿ ಪಂಪ ಮಹಾಕವಿ ರಚಿಸಿದ ಆದಿಪುರಾಣದಲ್ಲಿ ಭರತ ಬಾಹುಬಲಿಗಳ ಪ್ರಸಂಗ ಬರುತ್ತದೆ. ಎರಡು ಸೇನೆಗಳ ರಕ್ತಪಾತವನ್ನು ತಪ್ಪಿಸಲು ಸಹೋದರರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ನಿಯಮಬದ್ಧ ಸ್ಪರ್ಧೆಗಳಿಗೆ ಒಪ್ಪುತ್ತಾರೆ. ಮೂರರಲ್ಲೂ ಬಾಹುಬಲಿಯದೇ ಜಯ. ಆದರೆ ಆ ಕಥೆಯ ಅರ್ಥವಿರುವುದು ಜಯದಲ್ಲಲ್ಲ. ಗೆದ್ದವನು ಗೆಲುವನ್ನು ಕಂಡು ನಾಚಿದನು, ಅಣ್ಣನ ಅಪಮಾನಕ್ಕೆ ತಾನೇ ಕಾರಣನಾದೆನೆಂದು ನೊಂದನು, ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಿಂತನು. ಗೆಲುವನ್ನೇ ಪ್ರಶ್ನಿಸುವಂತೆ ಮಾಡುವ ಶಕ್ತಿ ಸ್ಪರ್ಧೆಯೊಂದರ ಕಥನಕ್ಕೆ ಇರುವುದಾದರೆ, ನಿಯಮ ಮತ್ತು ಅಂಕಗಳಿವೆಯೆಂಬ ಕಾರಣಕ್ಕೆ ಆಟವನ್ನು ಕಲೆಯ ಅಂಗಳದಿಂದ ಹೊರಗಿಡುವುದು ಸಲ್ಲದು.

ಇಲ್ಲಿಂದ ಮುಂದಿನ ಪ್ರಶ್ನೆಯೇ ಕಠಿಣವಾದುದು. ಕಲೆಯೆಂದು ಒಪ್ಪಿದ ಮೇಲೆ, "ಬರೇ ಆಟ" ಎಂಬ ಮೊಮ್ಮಗನ ಸಮಾಧಾನ ಉಳಿಯುತ್ತದೆಯೇ?

ಇದಕ್ಕೆ ಜನ್ನ ಕವಿಯ ಯಶೋಧರ ಚರಿತೆಗಿಂತ ಸಮೀಪದ ನಿದರ್ಶನ ದೊರೆಯದು. 1209ರಲ್ಲಿ ರಚಿತವಾದ ಈ ಕಾವ್ಯದಲ್ಲಿ ಉಜ್ಜಯಿನಿಯ ಅರಸ ಯಶೋಧರನು ಪತ್ನಿಯ ವಂಚನೆಯನ್ನು ಕಂಡು ಕಳವಳಗೊಂಡಿರುತ್ತಾನೆ. ತಾಯಿ ಚಂದ್ರಮತಿಯೊಡನೆ ನಿಜವನ್ನು ಹೇಳಲಾರದೆ, ಕೆಟ್ಟ ಕನಸೊಂದರ ನೆಪ ಹೇಳುತ್ತಾನೆ. ಆಕೆ ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಜೀವಹಿಂಸೆಗೆ ಅವನ ಮನಸ್ಸು ಒಪ್ಪುವುದಿಲ್ಲ. ಕೊನೆಗೆ ಮಧ್ಯಮಾರ್ಗವೆಂಬಂತೆ ಹಿಟ್ಟಿನ ಕೋಳಿಯನ್ನು ಮಾಡಿಸಿ ಅದನ್ನು ಬಲಿ ಕೊಡುತ್ತಾರೆ. ಅದರಲ್ಲಿ ಬೆಂತರವೊಂದು ಹೊಕ್ಕಿದ್ದು, ಪೆಟ್ಟು ಬಿದ್ದೊಡನೆ ಕೋಳಿ ಕೂಗಿತೆಂದು ಕವಿ ಹೇಳುತ್ತಾನೆ. ಆ ಒಂದು ಕ್ರಿಯೆಯ ಫಲವಾಗಿ ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಆಡು, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಈ ಕಥೆ ಇಂದಿಗೂ ಓದುಗರನ್ನು ಕಾಡುತ್ತಿರುವುದು ಸುಮ್ಮನಲ್ಲ. ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು ಇದನ್ನೇ ಆಧರಿಸಿ ಹಿಟ್ಟಿನ ಹುಂಜ ನಾಟಕವನ್ನು ಬರೆದರು.

ಹಿಟ್ಟಿನ ಕೋಳಿ ಖರೆಯ ಕೋಳಿಯಾಗಿರಲಿಲ್ಲ. ಯಶೋಧರನೂ ಕೇಶ್ವಾಪುರದ ಹುಡುಗನಂತೆ, ಇದು ನಿಜವಾದ ಕೊಲೆಯಲ್ಲ ಎಂದುಕೊಂಡೇ ಕೈಯೆತ್ತಿದವನು. ದ್ರವ್ಯಹಿಂಸೆ ಅಲ್ಲಿ ನಡೆಯಬೇಕೆಂದಿರಲಿಲ್ಲ, ಭಾವಹಿಂಸೆ ನಡೆಯಿತು. ಪ್ರಮಾದಯುಕ್ತವಾದ ಮನ, ವಚನ, ಕಾಯಗಳಿಂದಾಗುವ ಪ್ರಾಣಘಾತವೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿರೂಪಣೆ. ರಾಗದ್ವೇಷಗಳು ಏಳುವುದೇ ಹಿಂಸೆ, ಅವು ಏಳದಿರುವುದೇ ಅಹಿಂಸೆ ಎಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಅದನ್ನು ಇನ್ನಷ್ಟು ಒಳಕ್ಕೆ ಒಯ್ದಿದ್ದಾರೆ. ವಿಡಿಯೊ ಆಟ ಆಡಿದ ಹುಡುಗರು ಮುಂದೆ ಹೊಡೆದಾಟಕ್ಕಿಳಿಯುತ್ತಾರೆಯೇ ಎಂಬುದು ಸಂಶೋಧಕರಲ್ಲಿ ಇನ್ನೂ ವಾದಗ್ರಸ್ತ ವಿಷಯ. ಜೈನ ದೃಷ್ಟಿಗೆ ಆ ವಾದದ ತೀರ್ಮಾನಕ್ಕಾಗಿ ಕಾಯುವ ಅಗತ್ಯವಿಲ್ಲ. ಅದು ಕೇಳುವುದು ನಾಳೆ ಹುಡುಗನು ಯಾರಿಗೆ ಹೊಡೆದಾನು ಎಂದಲ್ಲ, ಈ ಕ್ಷಣದಲ್ಲಿ ಅವನೊಳಗೆ ಏನಾಗುತ್ತಿದೆ ಎಂದು. ಕೊಲ್ಲುವುದರಲ್ಲಿ ಹರ್ಷಪಡುವ ಮನಸ್ಸಿನ ಏಕಾಗ್ರತೆಗೆ ಶಾಸ್ತ್ರದಲ್ಲಿ ಹಿಂಸಾನಂದವೆಂಬ ರೌದ್ರಧ್ಯಾನದ ಹೆಸರಿದೆ.

ಮತ್ತೊಂದು ಅಂಶವೂ ವಿಚಾರಣೀಯ. ಕರ್ಮವು ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದ ಬರುತ್ತದೆ. ಯುದ್ಧಕಾವ್ಯವನ್ನು ಓದುವವನು, ಹೊಡೆದಾಟದ ಚಲನಚಿತ್ರವನ್ನು ನೋಡುವವನು ಹೆಚ್ಚೆಂದರೆ ಅನುಮೋದನೆಯ ಬಾಗಿಲಲ್ಲಿ ನಿಂತಿರುತ್ತಾನೆ. ಅವನು ಮೆಚ್ಚಲಿ ಬಿಡಲಿ ಕಥೆ ತನ್ನ ಪಾಡಿಗೆ ಸಾಗುತ್ತದೆ. ವಿಡಿಯೊ ಆಟದಲ್ಲಿ ಹಾಗಲ್ಲ. ಆಡುವವನ ಬೆರಳು ಒತ್ತದೆ ಗುಂಡು ಹಾರುವುದಿಲ್ಲ. ಗುರಿಯನ್ನು ಆರಿಸುವವನು ಅವನೇ, ಹೊಡೆಯುವವನೂ ಅವನೇ. ಜ್ಞಾನಚೌಪಡದಲ್ಲಿಯೂ ಈ ಕರ್ತೃತ್ವವಿರಲಿಲ್ಲ. ಅಲ್ಲಿ ದಾಳ ಬಿದ್ದಂತೆ ಕಾಯಿ ನಡೆಯುತ್ತಿತ್ತು, ಆಡುವವನು ಕರ್ಮೋದಯವನ್ನು ನೋಡುವವನಂತೆ ನೋಡುತ್ತಿದ್ದನು. ಹೀಗೆ ಈ ಹೊಸ ಕಲೆ ಹಿಂದಿನ ಕಲೆಗಳಿಗಿಂತ ಕೃತದ ಬಾಗಿಲಿಗೆ ಒಂದು ಹೆಜ್ಜೆ ಹತ್ತಿರವಾಗಿದೆ. ಅದರ ವೈಶಿಷ್ಟ್ಯವೂ ಅಪಾಯವೂ ಇದೊಂದೇ ಸ್ಥಳದಲ್ಲಿವೆ.

ಇಷ್ಟು ಹೇಳಿದ ಮೇಲೆ ಹುಡುಗನ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಅನೇಕಾಂತವನ್ನು ಒಪ್ಪಿದವರಿಗೆ ಅದು ಕರ್ತವ್ಯವೇ. ಯಶೋಧರನು ಬಲಿಯಿಂದ ಫಲವನ್ನು ಬಯಸಿದನು, ಕೊಲೆಗೆ ಬದಲಿಯೆಂದು ತಿಳಿದೇ ಹಿಟ್ಟಿನ ಕೋಳಿಯನ್ನು ಕಡಿದನು. ಹುಡುಗನಲ್ಲಿ ಅಂಥ ಸಂಕಲ್ಪವಿರಲಿಕ್ಕಿಲ್ಲ. ಚದುರಂಗದಲ್ಲಿಯೂ ಆನೆ ಕುದುರೆಗಳನ್ನು ಹೊಡೆಯುತ್ತಾರೆ, ಹುಲಿ-ಕುರಿ ಆಟದಲ್ಲಿ ಹುಲಿ ಕುರಿಯನ್ನು ತಿನ್ನುತ್ತದೆ. ಅವನ್ನು ಆಡಿದವರು ಹಿಂಸಕರೆಂದು ಯಾರೂ ಹೇಳುವುದಿಲ್ಲ. ಅಲ್ಲಿ ಮನಸ್ಸು ನೆಲೆಸುವುದು ಲೆಕ್ಕಾಚಾರದಲ್ಲಿ, ಸಾವಿನಲ್ಲಲ್ಲ. 1984ರಲ್ಲಿ ಸೋವಿಯತ್ ರಷ್ಯಾದಲ್ಲಿ ಹುಟ್ಟಿದ ಟೆಟ್ರಿಸ್ ಆಟದಲ್ಲಂತೂ ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವುದಷ್ಟೇ ಕೆಲಸ. ಪರದೆಯ ಮೇಲಿನ ಶತ್ರುವೂ ಕೆಲವು ಹುಡುಗರಿಗೆ ಚದುರಂಗದ ಕಾಯಿಯಷ್ಟೇ ಆಗಿರಬಹುದು. ಆಸ್ರವದಲ್ಲಿ ತೀವ್ರಭಾವ, ಮಂದಭಾವ, ಜ್ಞಾತಭಾವ, ಅಜ್ಞಾತಭಾವಗಳ ಭೇದವನ್ನು ತತ್ತ್ವಾರ್ಥಸೂತ್ರವೇ ಹೇಳಿರುವಾಗ, ಎಲ್ಲ ಆಟಗಳನ್ನೂ ಎಲ್ಲ ಆಟಗಾರರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಧರ್ಮವಲ್ಲ.

ಆದರೆ ಈ ಸಮರ್ಥನೆಗೆ ಒಂದು ಮಿತಿಯಿದೆ. ಶತ್ರು ಬರಿಯ ಕಾಯಿಯೆಂದಾದರೆ ಆ ಆಟದ ಚಿತ್ರಕಾರನ ಶ್ರಮವೆಲ್ಲ ವ್ಯರ್ಥವಾಗಬೇಕು. ರಕ್ತದ ಬಣ್ಣ, ಬೀಳುವ ದೇಹದ ತಿರುವು, ನರಳುವ ದನಿ ಇವುಗಳನ್ನು ಅಷ್ಟು ಜಾಣ್ಮೆಯಿಂದ ರಚಿಸುವುದು ಆಡುವವನ ಮನಸ್ಸಿಗೆ ಅವು ತಾಗಲಿ ಎಂದೇ. ಕಲೆಯೆಂದರೆ ಭಾವವನ್ನು ಎಬ್ಬಿಸುವ ಶಕ್ತಿ. ಆದುದರಿಂದ "ಅದು ಕಲೆ" ಎನ್ನುವ ಅಕ್ಕ ಮತ್ತು "ಬರೇ ಆಟ" ಎನ್ನುವ ತಮ್ಮ ಇಬ್ಬರ ಮಾತೂ ಏಕಕಾಲದಲ್ಲಿ ಸತ್ಯವಾಗಲಾರದು. ಕಲೆಯೆಂದು ಒಪ್ಪಿದರೆ ಅದು ಎಬ್ಬಿಸುವ ಭಾವ ನಿಜವೆಂದೂ ಒಪ್ಪಬೇಕು. ಭಾವ ನಿಜವಾದರೆ ಬಂಧವೂ ನಿಜ. ಕಲೆಯೆಂಬ ಬಿರುದು ಹೊಣೆಯನ್ನು ಇಳಿಸುವುದಿಲ್ಲ, ಏರಿಸುತ್ತದೆ.

ಯಶೋಧರ ಚರಿತೆಗೆ ಇನ್ನೊಂದು ಮಗ್ಗುಲಿದೆ. ಹಲವು ಜನ್ಮಗಳನ್ನು ಕಳೆದ ತಾಯಿಮಕ್ಕಳು ಅಭಯರುಚಿ, ಅಭಯಮತಿಯರೆಂಬ ಅಣ್ಣತಂಗಿಯರಾಗಿ ಹುಟ್ಟಿ, ಮಾರಿದತ್ತನೆಂಬ ಅರಸನ ಮುಂದೆ ಬಲಿಗಾಗಿ ತರಲ್ಪಡುತ್ತಾರೆ. ಅವರು ತಮ್ಮ ಭವಾವಳಿಯ ಕಥೆಯನ್ನು ಹೇಳುತ್ತಾರೆ. ಕಥೆಯನ್ನು ಕೇಳಿದ ಅರಸ ಹಿಂಸೆಯನ್ನು ಬಿಡುತ್ತಾನೆ. ಹಿಟ್ಟಿನ ಕೋಳಿ ಖರೆಯಲ್ಲದಿದ್ದರೂ ಕಟ್ಟಿಹಾಕಿತು. ಕಥೆ ಬರಿಯ ಮಾತಾಗಿದ್ದರೂ ಬಿಡಿಸಿತು. ಆದಿಪುರಾಣದ ನೀಲಾಂಜನೆಯ ಪ್ರಸಂಗವೂ ಇಂಥದೇ. ಆಕೆಯ ನೃತ್ಯ ನಡೆಯುತ್ತಿರುವಾಗಲೇ ಆಯುಷ್ಯ ತೀರಿತು. ಇಂದ್ರನು ಅದೇ ರೂಪದ ಇನ್ನೊಬ್ಬಳನ್ನು ನಿಲ್ಲಿಸಿ ರಸಭಂಗವಾಗದಂತೆ ನೋಡಿಕೊಂಡನು. ಸಭೆ ನೃತ್ಯದಲ್ಲಿ ಮೈಮರೆತಿತ್ತು. ಆದಿದೇವನೊಬ್ಬನು ಮರೆಯಾದುದನ್ನು ಕಂಡನು, ಕಂಡು ವಿರಕ್ತನಾದನು. ಒಂದೇ ನೃತ್ಯದಿಂದ ಸಭೆಗೆ ಮರೆವು, ಆದಿದೇವನಿಗೆ ಎಚ್ಚರ. ಯಾವುದೇ ಕಲೆಯನ್ನು ಅಳೆಯಲು ಇದಕ್ಕಿಂತ ನೇರವಾದ ಒರೆಗಲ್ಲು ಬೇಕಾಗಿಲ್ಲ.

ಎಚ್ಚರಿಸುವ ವಿಡಿಯೊ ಆಟಗಳೂ ಇಲ್ಲದಿಲ್ಲ. 2012ರಲ್ಲಿ ಬಂದ ಜರ್ನಿ ಎಂಬ ಆಟದಲ್ಲಿ ಆಯುಧವೇ ಇಲ್ಲ. ಯಾತ್ರಿಕನೊಬ್ಬನು ಮರಳುಗಾಡನ್ನು ದಾಟಿ ದೂರದ ಬೆಟ್ಟದ ಕಡೆಗೆ ನಡೆಯುತ್ತಾನೆ. ದಾರಿಯಲ್ಲಿ ಹೆಸರು ತಿಳಿಯದ ಇನ್ನೊಬ್ಬ ಆಟಗಾರ ಜೊತೆಯಾಗುತ್ತಾನೆ. ಇಬ್ಬರಲ್ಲೂ ಮಾತಿಲ್ಲ, ಪೈಪೋಟಿಯಿಲ್ಲ, ಒಬ್ಬರಿಗೊಬ್ಬರು ಆಸರೆಯಷ್ಟೇ. 2015ರ ಅಂಡರ್‌ಟೇಲ್ ಎಂಬ ಆಟದಲ್ಲಿ ಎದುರಾದವರನ್ನು ಕೊಲ್ಲಲೂಬಹುದು, ಕ್ಷಮಿಸಿ ಬಿಡಲೂಬಹುದು. ಒಬ್ಬರನ್ನೂ ಕೊಲ್ಲದೆ ಕೊನೆ ಮುಟ್ಟುವ ದಾರಿ ಅದರಲ್ಲಿದೆ. ಕೊಂದವನು ಆಟವನ್ನು ಮತ್ತೆ ಮೊದಲಿನಿಂದ ಆರಂಭಿಸಿದರೂ ಆಟ ಅದನ್ನು ಪೂರ್ತಿಯಾಗಿ ಮರೆಯುವುದಿಲ್ಲ. ಮಾಡಿದ್ದು ಅಳಿಯುವುದಿಲ್ಲವೆಂಬ ಈ ಕಲ್ಪನೆ ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಅಪರಿಚಿತವಾಗಿ ತೋರದು. ಬೆರಳಿನ ಕರ್ತೃತ್ವ ಹಿಂಸೆಯನ್ನು ಕೃತವಾಗಿಸುವಂತೆ ದಯೆಯನ್ನೂ ಕೃತವಾಗಿಸಬಲ್ಲುದು ಎಂಬುದಕ್ಕೆ ಇವು ನಿದರ್ಶನಗಳು.

ಗೃಹಸ್ಥನಿಗೆ ಈ ವಿವೇಚನೆ ಕಷ್ಟವಾಗದಂತೆ ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿ ಕೊಟ್ಟಿದ್ದಾರೆ. ಅವುಗಳಲ್ಲಿ ಮೂರು ಇಲ್ಲಿಗೆ ನೇರವಾಗಿ ಅನ್ವಯಿಸುತ್ತವೆ. ಪರರ ನಾಶವನ್ನು ಮನಸ್ಸಿನಲ್ಲಿ ಚಿಂತಿಸುವುದು ಅಪಧ್ಯಾನ, ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು ದುಃಶ್ರುತಿ, ಗುರಿಯಿಲ್ಲದ ವ್ಯರ್ಥ ಚೇಷ್ಟೆ ಪ್ರಮಾದಚರ್ಯೆ. ಈ ಆಟ ಕೊಲ್ಲುವುದರಲ್ಲಿ ರುಚಿ ಹುಟ್ಟಿಸುತ್ತಿದೆಯೇ, ಈ ಕಥೆ ಮನಸ್ಸನ್ನು ಕದಡುತ್ತಿದೆಯೇ, ಬೇಕೆಂದಾಗ ಇದನ್ನು ನಿಲ್ಲಿಸಲು ಆಗುತ್ತಿದೆಯೇ ಎಂಬ ಮೂರು ಪ್ರಶ್ನೆಗಳನ್ನು ತಂದೆತಾಯಿಗಳು ಕೇಳಿಕೊಂಡರೆ ಬಹುಪಾಲು ನಿರ್ಣಯ ತಾನಾಗಿ ಆಗುತ್ತದೆ. ಮೂರನೆಯ ಪ್ರಶ್ನೆ ಹಗುರವಾದುದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ, ಹಿಡಿತ ತಪ್ಪಿದ ಆಟದ ಗೀಳನ್ನೂ ಒಂದು ವ್ಯಾಧಿಯೆಂದು ಗಣಿಸಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳಂತೂ ದ್ಯೂತವೇ. ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿತು. ಶ್ರಾವಕನಿಗೆ ಆ ನಿಷೇಧ ಕಾಯಿದೆಗಿಂತ ಬಹಳ ಹಿಂದೆಯೇ ಇತ್ತು.

ಬಸದಿಗಳ ಮತ್ತು ದೇರಾಸರಗಳ ಟ್ರಸ್ಟುಗಳಿಗೂ ಇದರಲ್ಲಿ ಯೋಚಿಸಬೇಕಾದ ಮಾತಿದೆ. ಮಕ್ಕಳು ಪಾಠಶಾಲೆಗೆ ಬರುತ್ತಿಲ್ಲವೆಂಬ ಕೊರಗಿಗೆ ಧಾರ್ಮಿಕ ವಿಡಿಯೊ ಆಟವೇ ಮದ್ದೆಂದು ಭಾವಿಸುವವರು ಜ್ಞಾನಚೌಪಡದ ವಿವೇಕವನ್ನು ನೆನೆಯಬೇಕು. ಅದರ ರಚನಕಾರರು ತೀರ್ಥಂಕರನನ್ನು ಆಟದ ಕಾಯಿಯಾಗಿಸಲಿಲ್ಲ. ಕಾಯಿ ಆಡುವವನ ಜೀವ; ಏರುವುದು ಇಳಿಯುವುದು ಆ ಜೀವದ್ದು. ವೀತರಾಗನನ್ನು ಹೆಬ್ಬೆರಳಿನಿಂದ ಅತ್ತಿತ್ತ ಓಡಿಸುವ ಆಟ ಭಕ್ತಿಯ ಹೆಸರಿನ ಅವಿನಯವಾದೀತು. ತನ್ನ ಕ್ರೋಧವನ್ನು ತಾನೇ ಕಂಡು ಹಿಂದೆಗೆಯುವ ಜೀವವೊಂದರ ಆಟವನ್ನು ಯಾರಾದರೂ ರಚಿಸಿದರೆ ಅದು 84 ಮನೆಗಳ ಪಟದ ಯೋಗ್ಯ ಉತ್ತರಾಧಿಕಾರಿಯಾದೀತು.

ಅಂಥ ಆಟ ಬರುವವರೆಗೆ ಕೇಶ್ವಾಪುರದ ಅಜ್ಜಿ ಮೊಬೈಲನ್ನು ಕಸಿದುಕೊಳ್ಳಬೇಕಾಗಿಲ್ಲ. ಕಸಿದುಕೊಂಡರೆ ಹುಡುಗ ಬೇರೊಂದು ಮನೆಯಲ್ಲಿ ಆಡುತ್ತಾನೆ, ಆಗ ಕೇಳುವವರೂ ಇರುವುದಿಲ್ಲ. ಸಾಮಾಯಿಕ ಮುಗಿಸಿದ ಮೇಲೆ ಆಕೆ ಅವನ ಪಕ್ಕದಲ್ಲಿ ಕುಳಿತು ಯಶೋಧರನ ಕಥೆಯನ್ನು ಹೇಳಬಹುದು. ಹೇಳಿ ಮುಗಿಸಿ, "ತಮ್ಮಾ, ಆ ಕೋಳಿನೂ ಖರೇ ಇರ್ಲಿಲ್ಲ. ಈಗ ಗುಂಡು ಹೊಡದಾಗ ನಿನಗ ಏನನಸ್ತು?" ಎಂದು ಕೇಳಬಹುದು. ಹುಡುಗನಿಂದ ಕೂಡಲೇ ಉತ್ತರ ಬಾರದಿದ್ದರೂ ಚಿಂತೆಯಿಲ್ಲ. ಅವನು ಮುಂದಿನ ಬಾರಿ ಬೆರಳೆತ್ತುವಾಗ ಒಂದು ಕ್ಷಣ ತನ್ನೊಳಗನ್ನು ನೋಡಿಕೊಂಡರೆ, ಇರುವೆ ಸಾಲಿನ ಮುಂದೆ ಅಜ್ಜಿಯ ಕಾಲು ತಡೆದುನಿಂತಂತೆ ಅವನ ಮನಸ್ಸೂ ತಡೆದುನಿಂತಂತಾಯಿತು.